ಜಿಕೆ ತಲೇಲಿ ನಿಲ್ಬೇಕಾ? ಸೂತ್ರನ ನಮ್ಮ ಅಕ್ಷರದಲ್ಲೇ ಕಟ್ಕೊಳ್ಳಿ

ಓದಿದ್ದು ನೆನಪಿರಲ್ಲ ಅನ್ನೋರು ಮೊದಲು ಒಂದು ವಿಷಯ ನೋಡ್ಕೋಬೇಕು, ಮರೆತು ಹೋಗ್ತಿರೋದು ನಿಜವಾಗ್ಲೂ ಏನು ಅಂತ. ಗ್ರಹಗಳ ಹೆಸರು ಯಾರಿಗೂ ಮರೆಯಲ್ಲ, ಮರೆಯೋದು ಅವುಗಳ ಸಾಲು. ಫ್ರೆಂಚ್ ಕ್ರಾಂತಿ ಆಗಿದ್ದು ಗೊತ್ತಿರತ್ತೆ, ಇಸವಿ ಕೈ ಕೊಡತ್ತೆ. ಸ್ಕರ್ವಿ, ರಿಕೆಟ್ಸ್, ಬೆರಿಬೆರಿ ಮೂರೂ ಕೇಳಿರ್ತೀವಿ, ಯಾವ ವಿಟಮಿನ್‌ಗೆ ಯಾವ ಕಾಯಿಲೆ ಅಂದ್ರೆ ಅದಲುಬದಲು. ಸಾಲು, ಜೋಡಿ, ಅಂಕಿ, ಜಿಕೆಲಿ ಜಾರೋದು ಹೆಚ್ಚುಕಮ್ಮಿ ಈ ಮೂರೇ, ಮತ್ತೆ ಮೂರಕ್ಕೂ ಉಪಾಯ ಬೇರೆ ಬೇರೆ. ಎಲ್ಲದಕ್ಕೂ ಒಂದೇ ಥರ ಉರು ಹೊಡೆಯೋಕೆ ಹೋಗೋದ್ರಿಂದಲೇ ಅರ್ಧ ತೊಂದ್ರೆ.

ನಾನು ಪರೀಕ್ಷೆಗೆ ಓದೋವಾಗ ಗ್ರಹಗಳಿಗೆ ಇಂಗ್ಲಿಷಿನ ಒಂದು ಉದ್ದ ವಾಕ್ಯ ಬಾಯಿಪಾಠ ಮಾಡಿದ್ದೆ, ಅದರ ಒಂದೊಂದು ಪದದ ಮೊದಲಕ್ಷರ ಒಂದೊಂದು ಗ್ರಹ. ವಾಕ್ಯ ಚೆನ್ನಾಗೇ ನೆನಪಿತ್ತು, ಆದ್ರೆ ಅದರಲ್ಲಿ ಎಂ ಎರಡು ಸಲ ಬರತ್ತೆ, ಮೊದಲನೇ ಎಂ ಮರ್ಕ್ಯುರಿನಾ ಮಾರ್ಸಾ ಅಂತ ಪರೀಕ್ಷೆ ಹಾಲ್‌ನಲ್ಲಿ ಕೂತು ಯೋಚನೆ ಮಾಡ್ದೆ, ತಪ್ಪು ಬರೆದು ಬಂದೆ. ಅವತ್ತಿಂದ ನಾನು ಹಿಡಿದಿರೋ ಹಟ ಏನಂದ್ರೆ ಸೂತ್ರ ಕಟ್ಟೋದಾದ್ರೆ ನಾವು ಯೋಚನೆ ಮಾಡೋ ಭಾಷೇಲೇ ಕಟ್ಬೇಕು, ಆದಷ್ಟೂ ನಾವೇ ಕಟ್ಬೇಕು. ಅಭಿಮಾನಕ್ಕೆ ಹೇಳ್ತಿಲ್ಲ, ಕನ್ನಡ ಲಿಪಿಗೆ ಈ ಕೆಲಸದಲ್ಲಿ ನಿಜವಾಗ್ಲೂ ಒಂದು ಅನುಕೂಲ ಇದೆ, ಅದನ್ನ ಮುಂದೆ ಹೇಳ್ತೀನಿ, ಮೊದಲು ಆ ಗ್ರಹಗಳ ಲೆಕ್ಕ ಮುಗಿಸೋಣ.

ವಾರದ ದಿನ ಎಲ್ರಿಗೂ ಗೊತ್ತು. ಬುಧವಾರದಿಂದ ಶುರು ಮಾಡಿ ಒಂದು ದಿನ ಬಿಟ್ಟು ಒಂದು ದಿನ ಹೇಳ್ತಾ ಹೋಗಿ. ಬುಧ, ಗುರುವಾರ ಬಿಟ್ಟು ಶುಕ್ರ, ಶನಿವಾರ ಬಿಟ್ಟು ಭಾನು, ಸೋಮವಾರ ಬಿಟ್ಟು ಮಂಗಳ, ಬುಧವಾರ ಬಿಟ್ಟು ಗುರು, ಶುಕ್ರವಾರ ಬಿಟ್ಟು ಶನಿ. ಈಗ ಭಾನು ಇರೋ ಜಾಗದಲ್ಲಿ ಅದೇ ಭಕಾರದ ಭೂಮಿ ಇಡಿ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ. ಸೂರ್ಯನಿಂದ ದೂರ ಹೋಗ್ತಾ ಗ್ರಹಗಳು ಇರೋದು ಇದೇ ಸಾಲಲ್ಲಿ! ಇನ್ನೊಂದು ಹೆಜ್ಜೆ ಹಾಕಿದ್ರೆ ಸೋಮವಾರ ಬರತ್ತೆ, ಸೋಮ ಅಂದ್ರೆ ಚಂದ್ರ, ಚಂದ್ರ ಗ್ರಹ ಅಲ್ಲ ಉಪಗ್ರಹ, ಅಲ್ಲಿಗೆ ನಿಲ್ಲಿಸಿ ಅಂತ ಅದೇ ಹೇಳಿದ ಹಾಗಾಯ್ತು. ಉಳಿದಿದ್ದು ಯುರೇನಸ್ ಮತ್ತೆ ನೆಪ್ಚೂನ್, ಅದಕ್ಕೆ "ಯಾನ" ಅಂತ ಇಟ್ಕೊಳ್ಳಿ, ಮೊದಲು ಯ ಆಮೇಲೆ ನ, ಯಾನ ಮಾಡಿದಷ್ಟೂ ದೂರ. ಪ್ಲೂಟೋ ಬೇಡ, 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನ ಕುಬ್ಜ ಗ್ರಹ ಅಂತ ಮಾಡಿದೆ, ಅದಕ್ಕೂ ಮುಂಚಿನ ಸೂತ್ರಗಳಲ್ಲಿ ಕೊನೇಗೆ ಪ ಇದ್ರೆ ಕತ್ತರಿಸಿ ಹಾಕಿ.

ಇದು ನೆನಪಲ್ಲಿ ಉಳಿಯೋಕೆ ಕಾರಣ ಇಷ್ಟೇ, ಹೊಸದಾಗಿ ಏನೂ ಕಲಿಬೇಕಾಗಿಲ್ಲ, ಮೂರು ವರ್ಷದ ಮಗು ಇದ್ದಾಗಿನಿಂದ ಬಾಯಲ್ಲಿರೋ ವಾರದ ಮೇಲೆ ಗ್ರಹ ಬಂದು ಕೂತ್ಕೊಂಡಿದೆ. ಹೊಸ ವಿಷಯನ ಹಳೇ ಗೂಟಕ್ಕೆ ಕಟ್ಟೋದು, ಸೂತ್ರ ಅಂದ್ರೆ ಮೂಲದಲ್ಲಿ ಅಷ್ಟೇ.

ಇಂಥ ಗೂಟ ತಾನಾಗೇ ಸಿಗದೇ ಇದ್ದಾಗ ಮೊದಲಕ್ಷರ ತಗೊಂಡು ವಾಕ್ಯ ಕಟ್ಬೇಕು. ಮೇಲೆ ಹೇಳಿದ ಕನ್ನಡದ ಅನುಕೂಲ ಇಲ್ಲಿ ಬರತ್ತೆ. ಇಂಗ್ಲಿಷಲ್ಲಿ ಏಷ್ಯಾ, ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ನಾಲ್ಕೂ ಒಂದೇ ಅಕ್ಷರದಿಂದ ಶುರುವಾಗತ್ತೆ, ಏ ಏ ಏ ಏ ಅಂತ ಬರ್ಕೊಂಡ್ರೆ ಯಾವುದು ಯಾವುದು ಅಂತ ದೇವರೇ ಹೇಳ್ಬೇಕು. ಕನ್ನಡದಲ್ಲಿ ಅದೇ ನಾಲ್ಕು ಏ, ಆ, ಅಂ, ಆ. ನಮ್ಮ ಅಕ್ಷರದ ಜೊತೆ ಸ್ವರ ಅಂಟ್ಕೊಂಡೇ ಬರೋದ್ರಿಂದ ಒಂದೇ ಅಕ್ಷರ ನೋಡಿದ್ರೂ ಹೆಸರಿನ ಉಚ್ಚಾರಣೆ ಅರ್ಧ ಬಾಯಿಗೆ ಬಂದ್ಬಿಡತ್ತೆ. ಆದ್ರಿಂದ ಬರೀ ವ್ಯಂಜನ ತಗೊಬೇಡಿ, ಕಾಗುಣಿತದ ಸಮೇತ ತಗೊಳ್ಳಿ, ಬುಧಕ್ಕೆ ಬ ಅಲ್ಲ ಬು, ಹಿಂದೂ ಮಹಾಸಾಗರಕ್ಕೆ ಹ ಅಲ್ಲ ಹಿಂ.

ಖಂಡಗಳನ್ನ ವಿಸ್ತೀರ್ಣದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಟ್ರೆ ಏಷ್ಯಾ, ಆಫ್ರಿಕಾ, ಉತ್ತರ ಅಮೆರಿಕ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ, ಯುರೋಪ್, ಆಸ್ಟ್ರೇಲಿಯಾ. ಅಕ್ಷರ ಏ ಆ ಉ ದ ಅಂ ಯು ಆ. ನಾನು ಕಟ್ಟಿರೋ ವಾಕ್ಯ:

"ಏ, ಆನೆ ಉದ್ದ ದಂತ ಅಂದ್ರೆ ಯುದ್ಧದ ಆಯುಧ!"

ಇಲ್ಲಿ ಆ ಎರಡು ಸಲ ಬಂತು, ಆನೆ ಮತ್ತೆ ಆಯುಧ. ಇದನ್ನ ಹಾಗೇ ಬಿಟ್ರೆ ನಂಗೆ ಆ ಎಂ ಕೈ ಕೊಟ್ಟ ಹಾಗೇ ನಿಮಗೂ ಕೊಡತ್ತೆ. ಆದ್ರಿಂದ ವಾಕ್ಯ ಕಟ್ಟೋವಾಗಲೇ ಆ ಎರಡು ಪದಕ್ಕೆ ಅರ್ಥದ ಕೊಂಡಿ ಹಾಕಿದೀನಿ. ಆನೆ ಏಷ್ಯಾದಲ್ಲೂ ಇದೆ ನಿಜ, ಆದ್ರೆ ವಾಕ್ಯ ಇರೋದು ಉದ್ದ ದಂತದ ಬಗ್ಗೆ, ಏಷ್ಯಾದ ಆನೆಗಳಲ್ಲಿ ಉದ್ದ ದಂತ ಬರೋದು ಗಂಡಿಗೆ, ಆಫ್ರಿಕಾದ ಆನೆಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಎರಡಕ್ಕೂ ಬರತ್ತೆ. ಕೊನೇ ಆಯುಧ ಅಂದಾಗ ಬೂಮರಾಂಗ್ ಕಣ್ಣ ಮುಂದೆ ತಂದ್ಕೊಳ್ಳಿ, ಅದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಯುಧ. ಇಷ್ಟಾದ್ರೆ ಎರಡು ಆ ಯಾವತ್ತೂ ಜಾಗ ಬದಲಾಯ್ಸಲ್ಲ.

ಸಾಗರಗಳು ಸುಲಭ, ಪೆಸಿಫಿಕ್, ಅಟ್ಲಾಂಟಿಕ್, ಹಿಂದೂ, ದಕ್ಷಿಣ, ಆರ್ಕ್ಟಿಕ್, "ಪೆಟ್ಟಿಗೆ ಅಣ್ಣ ಹಿಂದೆ ದಬ್ಬಿದ, ಆಯ್ತು". ಇದೂ ದೊಡ್ಡದರಿಂದ ಚಿಕ್ಕದಕ್ಕೆ. ಮೊಘಲರು ಬಾಬರ್, ಹುಮಾಯೂನ್, ಅಕ್ಬರ್, ಜಹಾಂಗೀರ್, ಶಾಜಹಾನ್, ಔರಂಗಜೇಬ್, "ಬಾ, ಹುಷಾರಿಲ್ಲ ಅಜ್ಜಿಗೆ, ಜಲ್ದಿ ಶಾಪಿಂದ ಔಷಧಿ". ಔ ಅಕ್ಷರದಿಂದ ಶುರುವಾಗೋ ಪದ ನಮ್ಮಲ್ಲಿ ಬೆರಳೆಣಿಕೆಯಷ್ಟು, ಹಾಗಾಗಿ ಆ ವಾಕ್ಯನ ಕೊನೆಯಿಂದ ಕಟ್ಕೊಂಡು ಬಂದೆ, ಮೊದಲು ಔಷಧಿ ಇಟ್ಟು ಅದಕ್ಕೆ ಸರಿಯಾಗಿ ಒಂದು ಸನ್ನಿವೇಶ. ನೀವು ಕಟ್ಟೋವಾಗಲೂ ಇದನ್ನೇ ಮಾಡಿ, ಅತೀ ಕಷ್ಟದ ಅಕ್ಷರಕ್ಕೆ ಮೊದಲು ಪದ ಹುಡುಕಿ, ಸುಲಭದ್ದು ಆಮೇಲೆ ತಾನೇ ಹೊಂದ್ಕೊಳತ್ತೆ.

ಒಂದೇ ಅಕ್ಷರ ಎರಡು ಸಲ ಬರೋ ಸಮಸ್ಯೆಗೆ ಒಳ್ಳೇ ಉದಾಹರಣೆ ಅಂದ್ರೆ ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಅನಂತಮೂರ್ತಿ, ಕಾರ್ನಾಡ್, ಕಂಬಾರ. ಕಾರಂತರೂ ಕಾ, ಕಾರ್ನಾಡರೂ ಕಾ, ಮೇಲಾಗಿ ಕು, ಕಂ ಅಂತ ಇನ್ನೆರಡು ಕಕಾರ. ವಾಕ್ಯ ಹೀಗೆ:

"ಕುರಿ ಬೇಲಿ ಕಾಯುತ್ತಾ? ಮಾವು, ಗೋಧಿ ಅಗಿದು ಕಾಡಿಗೆ ಕಂಬಿ ಕಿತ್ತಿತು."

ಕಾಯುತ್ತಾ ಅನ್ನೋದ್ರಲ್ಲಿ ಕೊನೇಗೆ ತ ಇದೆ, ಕಾರಂತದಲ್ಲೂ ಕೊನೇಗೆ ತ. ಕಾಡಿಗೆ ಅನ್ನೋದ್ರಲ್ಲಿ ಡ ಇದೆ, ಕಾರ್ನಾಡ್‌ನಲ್ಲೂ ಡ. ಎರಡನೇ ಅಕ್ಷರ ಪೂರ್ತಿ ಹೊಂದಿಸೋಕಾಗದೇ ಇದ್ರೂ ಪದದೊಳಗೆ ಎಲ್ಲಾದ್ರೂ ಒಂದು ಗುರುತಿನ ಅಕ್ಷರ ಬಚ್ಚಿಟ್ರೆ ಸಾಕು, ನೆನಪು ಅದನ್ನ ಹಿಡ್ಕೊಳತ್ತೆ. ಇಸವಿಗಳು 1967, 1973, 1977, 1983, 1990, 1994, 1998, 2010, ಇಸವಿ ನೆನಪಿಡೋ ವಿದ್ಯೆ ಕೊನೇಲಿ ಹೇಳ್ತೀನಿ, ಇವನ್ನ ನೀವೇ ಅಭ್ಯಾಸಕ್ಕೆ ಇಟ್ಕೊಳ್ಬಹುದು.

ಕಾಮನಬಿಲ್ಲಲ್ಲಿ ಇನ್ನೂ ಗೋಜಲು, ಕೆಂಪು ಕಿತ್ತಳೆ, ಹಳದಿ ಹಸಿರು, ನೀಲಿ ಇಂಡಿಗೋ ನೇರಳೆ. ಎರಡು ಕ, ಎರಡು ಹ, ಎರಡು ನ. ವಾಕ್ಯ ಕಟ್ಟೋಕೆ ಹೋಗ್ಲೇಬೇಡಿ, ಹೆಸರಿನೊಳಗೇ ಗುರುತು ಇದೆ. ಕಿತ್ತಳೆಲೂ ಹಳದಿಲೂ ಳ ಇದೆ, ಅವೆರಡು ಅಕ್ಕಪಕ್ಕ, ಹಾಗಾಗಿ ಕೆಂಪು ಆ ಕಡೆ ತುದಿಗೆ ಹೋಯ್ತು, ಹಸಿರು ಈ ಕಡೆ ಮಧ್ಯಕ್ಕೆ ಬಂತು. ನೀ ಮತ್ತೆ ನೇ, ಕಾಗುಣಿತದಲ್ಲಿ ನೀ ಮೊದಲು ಬರತ್ತೆ, ಇಲ್ಲೂ ಹಾಗೇ, ಮಧ್ಯದಲ್ಲಿ ಇಂಡಿಗೋ. ಕೆಂಪು ತುದಿ ತರಂಗಾಂತರ ಜಾಸ್ತಿ ಇರೋದು, ಸುಮಾರು 700 ನ್ಯಾನೋಮೀಟರ್, ನೇರಳೆ ಕಡಿಮೆ, ಸುಮಾರು 400.

ಜೋಡಿ ನೆನಪಿಡೋಕೆ ವಾಕ್ಯ ಬೇಡ, ಎರಡರ ಮಧ್ಯೆ ಒಂದು ಸೇತುವೆ ಪದ ಸಾಕು. ವಿಟಮಿನ್‌ಗಳಿಗೆ ನಂದು ಹೀಗಿದೆ: ಎ ಅಂದ್ರೆ ಎರಡು ಕಣ್ಣು, ಕೊರತೆಯಾದ್ರೆ ಇರುಳುಗಣ್ಣು. ಬಿ1 ಬೆರಿಬೆರಿ, ಅದು ತಾನೇ ಕೂರತ್ತೆ. ಸಿ ಅಂದ್ರೆ ಸಿಡಿದ ವಸಡು, ಸ್ಕರ್ವಿಲಿ ವಸಡಿಂದ ರಕ್ತ ಬರತ್ತೆ. ಡಿ ಅಂದ್ರೆ ಡೊಂಕು ಮೂಳೆ, ರಿಕೆಟ್ಸ್ ಆದ ಮಕ್ಕಳ ಕಾಲು ಬಾಗೋದು ಇದರಿಂದ. ಕೆ ಅಂದ್ರೆ ಕಟ್ಟೋದು, ರಕ್ತ ಹೆಪ್ಪುಗಟ್ಟೋಕೆ ಅದು ಬೇಕು. ಡೊಂಕು ಮೂಳೆ ಅಂತ ಒಂದ್ಸಲ ಬಾಯಿಬಿಟ್ಟು ಹೇಳಿದ್ಮೇಲೆ ಡಿ ಮತ್ತೆ ಸಿ ನಂಗೆ ಯಾವತ್ತೂ ಅದಲುಬದಲಾಗಿಲ್ಲ.

ಇನ್ನು ಪ್ರಾಸ. ಪದ್ಯ ಅಂದ ತಕ್ಷಣ ಎಲ್ರೂ ಸಾಲಿನ ಕೊನೇಲಿ ಪ್ರಾಸ ಹಾಕ್ತಾರೆ, ಓದೋಕೆ ಚೆನ್ನಾಗಿರತ್ತೆ, ಆದ್ರೆ ನೆನಪು ಮಾಡ್ಕೊಳ್ಳೋವಾಗ ನಾವು ಒದ್ದಾಡೋದು ಸಾಲಿನ ಕೊನೇಲಲ್ಲ, ಮುಂದಿನ ಸಾಲು ಹೇಗೆ ಶುರುವಾಗತ್ತೆ ಅನ್ನೋ ಜಾಗದಲ್ಲಿ. ಒಂದು ಪದ ಎತ್ತಿ ಕೊಟ್ರೆ ಉಳಿದಿದ್ದು ಹರ್ಕೊಂಡು ಬರತ್ತೆ, ಆ ಎತ್ತುಗಡೆನೇ ಸಿಗಲ್ಲ. ನಮ್ಮ ಹಳೇ ಕನ್ನಡ ಕವಿಗಳು ಪ್ರಾಸನ ಸಾಲಿನ ಶುರುವಲ್ಲಿ, ಎರಡನೇ ಅಕ್ಷರದಲ್ಲಿ ಇಡ್ತಿದ್ರು, ಪ್ರತಿ ಸಾಲಿನ ಎರಡನೇ ವ್ಯಂಜನ ಒಂದೇ. ಪಂಪ, ರನ್ನರಿಂದ ಹಿಡಿದು ಕುಮಾರವ್ಯಾಸನವರೆಗೂ ಇದು ನಡ್ಕೊಂಡು ಬಂದಿದೆ, ಕಿವಿಯಲ್ಲಿ ಕೇಳಿ ಬಾಯಲ್ಲಿ ಹೇಳೋ ಕಾವ್ಯಕ್ಕೆ ಇದಕ್ಕಿಂತ ಒಳ್ಳೇ ಆಸರೆ ಇನ್ನೇನಿದೆ ಹೇಳಿ. ತಿಂಗಳ ದಿನಗಳಿಗೆ ಅದೇ ರೀತಿ ನಾನು ಕಟ್ಟಿದ್ದು:

ಮೂವತ್ತೇ ದಿನ ಏಪ್ರಿಲ್ ಜೂನು,
ನವೆಂಬರ್ ಸೆಪ್ಟೆಂಬರ್ ಕೂಡ ಹೌದು,
ಇವು ಬಿಟ್ಟು ಫೆಬ್ರವರಿ ಪಕ್ಕಕ್ಕಿಟ್ರೆ
ಯಾವುದೇ ಇರ್ಲಿ ಮೂವತ್ತೊಂದು.

ಮೂವ, ನವೆ, ಇವು, ಯಾವು, ನಾಲ್ಕು ಸಾಲಿಗೂ ಎರಡನೇ ಅಕ್ಷರ ವಕಾರ. ಛಂದಸ್ಸು ಬಲ್ಲೋರು ಮೊದಲಕ್ಷರದ ಗುರು ಲಘು ಹೊಂದಿಲ್ಲ ಅಂತಾರೆ, ಸರಿನೇ, ಆದ್ರೆ ನೆನಪಿಗೆ ಇಷ್ಟು ಸಾಕು. ಫೆಬ್ರವರಿ 28, ಅಧಿಕ ವರ್ಷದಲ್ಲಿ 29, ಮತ್ತೆ ಇಲ್ಲೊಂದು ಕೊಕ್ಕೆ ಪ್ರಶ್ನೆ ಕೇಳ್ತಾರೆ ಹುಷಾರು, ಶತಮಾನದ ವರ್ಷ ಆದ್ರೆ ನಾಲ್ಕಲ್ಲ, 400ರಿಂದ ಭಾಗ ಆಗ್ಬೇಕು, ಹಾಗಾಗಿ 2000 ಅಧಿಕ ವರ್ಷ, 1900 ಅಲ್ಲ, 2100ನೂ ಅಲ್ಲ. ಪದ್ಯ ಬೇಡ ಅನ್ನೋರಿಗೆ ಮುಷ್ಟಿ ಇದ್ದೇ ಇದೆ, ಬೆರಳಿನ ಗೆಣ್ಣು 31, ಗೆಣ್ಣಿನ ಮಧ್ಯದ ತಗ್ಗು ಚಿಕ್ಕ ತಿಂಗಳು, ಜುಲೈ ಕೊನೇ ಗೆಣ್ಣಿಗೆ ಬಂದು ಆಗಸ್ಟ್ ಮತ್ತೆ ಮೊದಲ ಗೆಣ್ಣಿಂದ ಶುರು.

ಛಂದಸ್ಸಿನ ಮಾತು ಬಂದಿದ್ದಕ್ಕೆ ಒಂದು ಹೇಳ್ಲೇಬೇಕು, ಯಮಾತಾರಾಜಭಾನಸಲಗಂ. ಶಾಲೇಲಿ ಕಲಿತಿರ್ತೀರಿ, ಆದ್ರೆ ಅದು ಎಂಥ ಅದ್ಭುತ ಅಂತ ಯಾರೂ ನಿಂತು ನೋಡಲ್ಲ. ಅದರಲ್ಲಿ ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ಓದಿದ್ರೆ ಗಣದ ಹೆಸರೂ ಸಿಗತ್ತೆ, ಅದರ ಗುರು ಲಘು ವಿನ್ಯಾಸನೂ ಸಿಗತ್ತೆ. ಯಗಣ ಬೇಕಾ, ಯಮಾತಾ, ಲಘು ಗುರು ಗುರು. ಭಗಣ ಬೇಕಾ, ಭಾನಸ, ಗುರು ಲಘು ಲಘು. ನಗಣ ನಸಲ, ಮೂರೂ ಲಘು. ಎಂಟು ಗಣ, ಹತ್ತು ಅಕ್ಷರ, ಮುಗೀತು. ಸೂತ್ರದ ಹೊರಗೆ ಇನ್ನೇನೂ ನೆನಪಿಟ್ಕೊಳ್ಳೋ ಹಾಗಿಲ್ಲ, ಉತ್ತರ ಅದರ ಮೈಯಲ್ಲೇ ಇದೆ. ನಾವು ಕಟ್ಟೋ ಸೂತ್ರ ಇದರ ಹತ್ತಿರ ಹೋದಷ್ಟೂ ಒಳ್ಳೇದು, ಆ ವಾರದ ದಿನದ ಉಪಾಯ ನಂಗೆ ಅಷ್ಟು ಇಷ್ಟ ಆಗಿದ್ದೂ ಇದಕ್ಕೇ.

ಈಗ ಅಂಕಿ. ಇಸವಿ, ಎತ್ತರ ಇವನ್ನ ಬರೀ ಅಂಕಿಯಾಗಿ ಇಟ್ಕೊಂಡ್ರೆ ತಲೆ ಹಿಡ್ಕೊಳಲ್ಲ, ಯಾಕಂದ್ರೆ 89 ಅಂದ್ರೆ ಕಣ್ಣ ಮುಂದೆ ಏನೂ ಬರಲ್ಲ. ಅಂಕಿನ ಪದ ಮಾಡ್ಬೇಕು. ಅದಕ್ಕೆ ನಮ್ಮಲ್ಲಿ ಶತಮಾನಗಳಿಂದ ಇರೋದು ಕಟಪಯಾದಿ. ಕೇಳೋಕೆ ಹೆದರಿಕೆ ಆಗತ್ತೆ, ಕಲಿಯೋಕೆ ಒಂದು ಸಂಜೆ ಸಾಕು. ವರ್ಣಮಾಲೆ ಗೊತ್ತಿದ್ರೆ ಮುಕ್ಕಾಲು ಕೆಲಸ ಆಗಿದೆ:

ಕ 1, ಖ 2, ಗ 3, ಘ 4, ಙ 5, ಚ 6, ಛ 7, ಜ 8, ಝ 9, ಞ 0
ಟ 1, ಠ 2, ಡ 3, ಢ 4, ಣ 5, ತ 6, ಥ 7, ದ 8, ಧ 9, ನ 0
ಪ 1, ಫ 2, ಬ 3, ಭ 4, ಮ 5
ಯ 1, ರ 2, ಲ 3, ವ 4, ಶ 5, ಷ 6, ಸ 7, ಹ 8, ಳ 9

ಕ, ಟ, ಪ, ಯ ನಾಲ್ಕೂ ಒಂದು, ಹೆಸರು ಬಂದಿದ್ದೇ ಹಾಗೆ. ಕಾಗುಣಿತಕ್ಕೆ ಬೆಲೆ ಇಲ್ಲ, ಕಾ ಕಿ ಕೊ ಎಲ್ಲಾ 1. ಒತ್ತಕ್ಷರ ಇದ್ರೆ ಕೊನೇ ವ್ಯಂಜನ ಮಾತ್ರ ಲೆಕ್ಕ, ಸೊನ್ನೆಗೆ ಅಂದ್ರೆ ಅನುಸ್ವಾರಕ್ಕೆ ಲೆಕ್ಕ ಇಲ್ಲ, ಒಂಟಿ ಸ್ವರ ಬಂದ್ರೆ 0.

ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಲ್ಲಿ ಇದು ಇವತ್ತಿಗೂ ಕೆಲಸ ಮಾಡ್ತಿದೆ. ರಾಗದ ಹೆಸರಿನ ಮೊದಲ ಎರಡಕ್ಷರ ಅಂಕಿ ಮಾಡಿ ತಿರುಗಿಸಿದ್ರೆ ಮೇಳದ ನಂಬರ್. ಮಾಯಾಮಾಳವಗೌಳ, ಮ 5 ಯ 1, ತಿರುಗಿಸಿ 15. ರಸಿಕಪ್ರಿಯ, ರ 2 ಸ 7, ತಿರುಗಿಸಿ 72, ಕೊನೇ ಮೇಳ. ಇದರಲ್ಲಿ ನಂಗೆ ತುಂಬಾ ಇಷ್ಟ ಆಗೋದು ಏನು ಗೊತ್ತಾ, ಎಲ್ಲಾ ರಾಗದ ಹೆಸರೂ ಲೆಕ್ಕಕ್ಕೆ ಹೊಂದ್ತಿರ್ಲಿಲ್ಲ, ಶಂಕರಾಭರಣ 29ನೇದು ಆಗ್ಬೇಕಿತ್ತು, ಅದಕ್ಕೆ ಮುಂದೆ ಧೀರ ಅಂತ ಸೇರಿಸಿ ಧೀರಶಂಕರಾಭರಣ ಮಾಡಿದ್ರು, ಧ 9 ರ 2, ತಿರುಗಿಸಿದ್ರೆ 29. ಕಲ್ಯಾಣಿಗೆ ಮೇಚ ಸೇರಿ 65, ತೋಡಿಗೆ ಹನುಮ ಸೇರಿ 8. ಹೆಸರಿಗೆ ನಂಬರ್ ಹೊಂದಿಲ್ವಾ, ನಂಬರ್ ಇರೋ ಪದನ ಹೆಸರಿಗೆ ಅಂಟಿಸು. ನಾವು ಮಾಡ್ಬೇಕಾಗಿರೋದೂ ಅದೇ ತಾನೆ.

ನಾನು ಒಂದು ಬದಲಾವಣೆ ಮಾಡ್ಕೊಂಡಿದೀನಿ, ತಿರುಗಿಸಲ್ಲ, ಎಡದಿಂದ ಬಲಕ್ಕೆ ನೇರ ಓದ್ತೀನಿ, ಇಸವಿಗೆ ಅದೇ ಸಲೀಸು. ಆದ್ರೆ ಒಂದು ರೀತಿ ಹಿಡಿದ ಮೇಲೆ ಅದನ್ನೇ ಹಿಡೀರಿ, ಒಂದ್ಸಲ ಹಿಂಗೆ ಒಂದ್ಸಲ ಹಂಗೆ ಮಾಡಿದ್ರೆ 56 ಹೋಗಿ 65 ಆಗತ್ತೆ. ಇನ್ನೊಂದು, ಇಸವಿಲಿ ಶತಮಾನ ಸಾಮಾನ್ಯವಾಗಿ ಗೊತ್ತೇ ಇರತ್ತೆ, ಕೊನೇ ಎರಡಂಕಿಗೆ ಪದ ಮಾಡಿದ್ರೆ ಸಾಕು.

ಫ್ರೆಂಚ್ ಕ್ರಾಂತಿ 1789, ಜುಲೈ 14ಕ್ಕೆ ಜನ ಬಾಸ್ಟೀಲ್ ಸೆರೆಮನೆ ಮೇಲೆ ಬಿದ್ರಲ್ಲ, ದಾಳಿ. ದ 8, ಳ 9. ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸತ್ತಿದ್ದು 1799, ಧೂಳು, 9 9. ಮೊದಲ ಮಹಾಯುದ್ಧ 1914ರಿಂದ 1918, ಕಾವು ಏರಿತು, ಕದ ಮುಚ್ಚಿತು, ಕಾವು 14, ಕದ 18. ಎರಡನೇದು 1939ರಿಂದ 1945, ಗೋಳು ಶುರುವಾಗಿ ವಶ ಆಗಿ ಮುಗೀತು, ಗೋಳು 39, ವಶ 45, ಜರ್ಮನಿ ಜಪಾನ್ ಎರಡೂ ಶರಣಾಗಿದ್ದು ಅದೇ ವರ್ಷ. ಚಂದ್ರನ ಮೇಲೆ ಮನುಷ್ಯ ಇಳಿದಿದ್ದು 1969, ಚಳಿ, 6 9, ಚಂದ್ರ ಚಳಿ ಎರಡಕ್ಕೂ ಚಕಾರ. ವಿಜಯನಗರ ಸ್ಥಾಪನೆ 1336, ಬಿತ್ತು, ಅಂದ್ರೆ ಬೀಜ ಬಿತ್ತಿದ ವರ್ಷ. ಅದೇ ವಿಜಯನಗರ ರಕ್ಕಸತಂಗಡಿಲಿ ಸೋತಿದ್ದು 1565, ತಮ್ಮ, ಅಣ್ಣ ರಾಮರಾಯ ಯುದ್ಧದಲ್ಲಿ ಸತ್ತ, ತಮ್ಮ ತಿರುಮಲ ಪೆನುಕೊಂಡೆಗೆ ಹೋದ. ಮ್ಮ ಒತ್ತಕ್ಷರ, ಕೊನೇ ಮ ಮಾತ್ರ ಲೆಕ್ಕ, 65 ಸರಿ ಬಂತು.

1857ರ ಸಿಪಾಯಿ ದಂಗೆಗೆ ಮೀಸೆ, ಮ 5 ಸ 7. ಪ್ಲಾಸಿ ಕದನ 1757, ಅದಕ್ಕೂ ಮೀಸೆನೇ, ಸರಿಯಾಗಿ ನೂರು ವರ್ಷದ ಅಂತರ, ಮೀಸೆಗೆ ಎರಡು ಕಡೆ ಇರತ್ತಲ್ಲ ಹಾಗೆ, ಒಂದು ತುದಿ ಪ್ಲಾಸಿ ಇನ್ನೊಂದು ತುದಿ ದಂಗೆ. ಭಾಷಾವಾರು ರಾಜ್ಯ ಆಗಿದ್ದು 1956 ನವೆಂಬರ್ 1, 56 ಅಂದ್ರೆ ಏನು ಬರತ್ತೆ ಅಂತ ಹುಡುಕ್ತಾ ಕೂತಾಗ ಮಾತು ಅನ್ನೋ ಪದ ಸಿಕ್ತು, ಮ 5 ತ 6, ಮಾತಿನ ಮೇಲೆ ಆದ ರಾಜ್ಯಕ್ಕೆ ಮಾತು ಅಂತಲೇ ಇಸವಿ, ಅವತ್ತು ನಂಗಾದ ಖುಷಿ ಅಷ್ಟಿಷ್ಟಲ್ಲ. ಮೈಸೂರು ರಾಜ್ಯ ಅನ್ನೋ ಹೆಸರು ಹೋಗಿ ಕರ್ನಾಟಕ ಅಂತ ಆಗಿದ್ದು 1973, ಇನ್ನೊಂದು ಸಲ ನಾಮಕರಣ, ಸಲ, 73.

ಎತ್ತರಕ್ಕೂ ಆಗತ್ತೆ. ಎವರೆಸ್ಟ್ 8848 ಮೀಟರ್, ನಾಲ್ಕಂಕಿ, "ಜಾಜಿ ಭುಜ". ಜ 8, ಜ 8, ಭ 4, ಜ 8. ಬೆಟ್ಟದ ಭುಜದ ಮೇಲೆ ಬೆಳ್ಳಗೆ ಜಾಜಿ ಹೂ ಚೆಲ್ಲಿದ ಹಾಗೆ ಹಿಮ. 2020ರಲ್ಲಿ ನೇಪಾಳ ಚೀನಾ ಸೇರಿ ಹೇಳಿದ ಲೆಕ್ಕ 8848.86, ಆ ಕೊನೇ 86 ಬೇಕು ಅನ್ನೋರು "ಜೊತೆ" ಅಂತ ಸೇರಿಸ್ಕೊಳ್ಳಿ, ಜಾಜಿ ಭುಜ ಜೊತೆ.

ಪದ ಸಿಗದೇ ಇರೋದು ಹೆಚ್ಚಾಗಿ 9ರಲ್ಲಿ ಶುರುವಾಗೋ ಅಂಕಿಗೆ, ಯಾಕಂದ್ರೆ ಳ ಅಕ್ಷರದಿಂದ ಕನ್ನಡದಲ್ಲಿ ಪದ ಶುರುವಾಗಲ್ಲ, ಝ ಅಪರೂಪ, ಉಳಿಯೋದು ಧ ಒಂದೇ. ಧನ 90, ಧೂಪ 91, ಧೀರ 92, ಧಗೆ 93, ಧೂಮ 95, ಧಾತು 96, ಧೂಳು 99, ಇವನ್ನ ಬರೆದಿಟ್ಕೊಳ್ಳಿ. ಕೊಲಂಬಸ್ ಅಮೆರಿಕ ಕಡೆ ಹೋಗಿದ್ದು 1492, ಧೀರ, ಸರಿಹೋಯ್ತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ 1498ಕ್ಕೆ ಮಾತ್ರ ಎರಡಕ್ಷರದ ಪದ ಬರ್ಲಿಲ್ಲ. ಆಗ ಮೂರಂಕಿ ತಗೊಂಡೆ, 498, "ಭಾಳ ದೂರ" ಅನ್ನೋದ್ರ ಮೊದಲ ಮೂರಕ್ಷರ, ಭ 4 ಳ 9 ದ 8, ಕೊನೇ ರ ಬಿಟ್ಬಿಡಿ. ರಾಗದ ಹೆಸರಲ್ಲೂ ಎರಡಕ್ಷರ ಆದ್ಮೇಲೆ ಉಳಿದಿದ್ದಕ್ಕೆ ಲೆಕ್ಕ ಇಲ್ವಲ್ಲ, ಅದೇ ರೂಲು. ಆಫ್ರಿಕಾ ಸುತ್ತಿ ಅಷ್ಟು ದೂರದಿಂದ ಬಂದೋನಿಗೆ ಅದು ಒಪ್ಪತ್ತೆ ಕೂಡ.

ಸೂತ್ರ ಕಟ್ಟಿದ ಮೇಲೆ ಸುಮಾರು ಜನ ಮಾಡೋ ತಪ್ಪು, ಅದನ್ನ ನೋಟ್ಸಲ್ಲಿ ಬರೆದು ಮುಚ್ಚಿಟ್ಬಿಡ್ತಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಒಬ್ರು ಅರ್ಥವೇ ಇಲ್ಲದ ಉಚ್ಚಾರಣೆಗಳನ್ನ ತಾವೇ ಬಾಯಿಪಾಠ ಮಾಡಿ ಎಷ್ಟು ಹೊತ್ತಿಗೆ ಎಷ್ಟು ಮರೆಯತ್ತೆ ಅಂತ ಲೆಕ್ಕ ಇಟ್ರು, 1885ರಲ್ಲಿ ಅದನ್ನ ಪ್ರಕಟಿಸಿದ್ರು. ಅವರಿಗೆ ಕಂಡಿದ್ದು ಏನಂದ್ರೆ ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲಾಮೇಲೆ ನಿಧಾನ. ಹಾಗಾಗಿ ಮೊದಲ ಸಲ ತಿರುವಿ ಹಾಕೋದು ಅವತ್ತೇ ಆಗ್ಬೇಕು, ಆಮೇಲೆ ಮಾರನೇ ದಿನ, ಆಮೇಲೆ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ವಾರ, ತಿಂಗಳು, ಹೀಗೆ ಅಂತರ ದೊಡ್ಡದು ಮಾಡ್ತಾ ಹೋಗಿ. ಮತ್ತೆ ತಿರುವಿ ಹಾಕೋದು ಅಂದ್ರೆ ಮತ್ತೆ ಓದೋದಲ್ಲ ದಯವಿಟ್ಟು, ಪುಸ್ತಕ ಮುಚ್ಚಿ ಬಾಯಲ್ಲಿ ಹೇಳಿ, ಬರದೇ ಇದ್ರೂ ಒಂದು ನಿಮಿಷ ಒದ್ದಾಡಿ, ಆಮೇಲೆ ನೋಡಿ. ಓದ್ತಾ ಇದ್ರೆ ಎಲ್ಲಾ ಗೊತ್ತಿದೆ ಅನ್ಸತ್ತೆ, ಮುಚ್ಚಿದಾಗಲೇ ನಿಜ ಗೊತ್ತಾಗೋದು.

ಹೇಳೋವಾಗ ಎರಡೂ ಕಡೆಯಿಂದ ಹೇಳಿ. ದಾಳಿ ಅಂದ್ರೆ ಯಾವ ಇಸವಿ ಅಂತಲೂ ಕೇಳ್ಕೊಳ್ಳಿ, 1789 ಅಂದ್ರೆ ಯಾವ ಘಟನೆ ಅಂತಲೂ ಕೇಳ್ಕೊಳ್ಳಿ. ಖಂಡಗಳಲ್ಲಿ ಐದನೇದು ಯಾವುದು ಅಂತ ನೇರ ಕೇಳಿದಾಗ ಏ ಆನೆ ಉದ್ದ ದಂತ ಅಂದ್ರೆ ಅಂತ ಬೆರಳು ಮಡಚ್ತಾ ಐದನೇದಕ್ಕೆ ಬರ್ಬೇಕು, ಅದಕ್ಕೂ ಸ್ವಲ್ಪ ರೂಢಿ ಬೇಕು. ರೂಢಿ ಆದ್ಮೇಲೆ ವಾಕ್ಯನೇ ಬೇಡ ಅನ್ಸತ್ತೆ, ಅಂಟಾರ್ಕ್ಟಿಕಾ ನೇರ ಬಾಯಿಗೆ ಬರತ್ತೆ, ಬರ್ಲಿ, ಒಳ್ಳೇದೇ.

ಒಂದು ದಿನಕ್ಕೆ ಎರಡು ಮೂರು ಸೂತ್ರ ಸಾಕು. ಹತ್ತು ಕಟ್ಟಿದ್ರೆ ಕುರಿ ಹೋಗಿ ಆನೆ ವಾಕ್ಯದೊಳಗೆ ಸೇರ್ಕೊಳತ್ತೆ. ಎಲ್ಲದಕ್ಕೂ ಸೂತ್ರ ಕಟ್ಟೋಕೂ ಹೋಗ್ಬೇಡಿ, 1947 ಯಾರಿಗೆ ಮರೆಯತ್ತೆ ಹೇಳಿ, ಎರಡು ಸಲ ಮರೆತು ಮೂರನೇ ಸಲ ಬೇಜಾರಾಯ್ತಲ್ಲ, ಆ ವಿಷಯಕ್ಕೆ ಮಾತ್ರ ಕಟ್ಟಿ. ಕಟ್ಟೋಕೆ ಮುಂಚೆ ವಿಷಯ ಸರಿ ಇದ್ಯಾ ಅಂತ ಒಳ್ಳೇ ಪುಸ್ತಕದಲ್ಲಿ ಎರಡು ಸಲ ನೋಡ್ಕೊಳ್ಳಿ, ಸೂತ್ರಕ್ಕೆ ಸರಿ ತಪ್ಪು ಗೊತ್ತಾಗಲ್ಲ, ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಹಿಡ್ಕೊಂಡು ಕೂತಿರತ್ತೆ, ಆಮೇಲೆ ಅದನ್ನ ತಲೆಯಿಂದ ಕೀಳೋದು ಹೊಸದು ಕಲಿಯೋದಕ್ಕಿಂತ ಕಷ್ಟ. ಶುರು ಮಾಡೋಕೆ ಆ ಎಂಟು ಜ್ಞಾನಪೀಠದ ಇಸವಿಗಳೇ ಇವೆ, 67ಕ್ಕೆ ತಾಸು ಅಂತ ನಾನು ಒಂದು ಕೊಟ್ಟಿರ್ತೀನಿ, 73 ಮೇಲೇ ಬಂದಿದೆ, 77ರಿಂದ ಮುಂದೆ ನೀವು ಕಟ್ಟಿ.